ಎಂಜಿನ್ ಆಯಿಲ್ ಕಂಪನಿಗಳ ಬಗ್ಗೆ ಕೇಳಿದ್ದು ನಿಜವೋ ಸುಳ್ಳೋ: ಡಬ್ಬದ ಹಿಂಬದಿಯಿಂದ ಡ್ರೈನ್ ಬೋಲ್ಟ್‌ವರೆಗೆ ಸಮಗ್ರ ಮಾರ್ಗದರ್ಶಿ

‘ಆ ಕಂಪನಿ ಆಯಿಲಾ? ಬೇಡಿ ಅಣ್ಣ, ಒಳಗೆ ಮೇಣ ಕಟ್ಟುತ್ತೆ.’ ‘ಒಂದು ಸಲ ಸಿಂಥೆಟಿಕ್ ಹಾಕಿಸಿದ್ರೆ ಮುಗೀತು, ವಾಪಸ್ ಮಾಮೂಲಿ ಆಯಿಲ್‌ಗೆ ಬರೋ ಹಾಗಿಲ್ಲ.’ ‘ಸರ್ಕಾರಿ ಕಂಪನಿದು ನೀರಿನ ಥರ ಇರುತ್ತೆ.’ ಕೋಲಾರದ ಯಾವ ಗ್ಯಾರೇಜಿನ ಮುಂದೆ ಹತ್ತು ನಿಮಿಷ ನಿಂತರೂ ಇವುಗಳಲ್ಲಿ ಒಂದಾದರೂ ಕಿವಿಗೆ ಬೀಳುತ್ತದೆ. ಕನ್ನಡ, ತೆಲುಗು, ದಖನಿ ಮೂರರಲ್ಲೂ ಬೀಳುತ್ತದೆ. ಹೇಳುವವರಿಗೆ ಮೋಸ ಮಾಡುವ ಉದ್ದೇಶವೇನೂ ಇರುವುದಿಲ್ಲ. ಎಲ್ಲೋ ಒಂದು ಎಂಜಿನ್ ನಿಜವಾಗಿಯೂ ಕೆಟ್ಟಿರುತ್ತದೆ. ಅದು ಗ್ರೇಡ್ ತಪ್ಪಿದ್ದಕ್ಕೆ ಕೆಟ್ಟಿತೋ, ಆಯಿಲ್ ಮಟ್ಟ ಇಳಿದದ್ದಕ್ಕೋ, ಡಬ್ಬವೇ ನಕಲಿಯಾಗಿತ್ತೋ ಎಂದು ಯಾರೂ ನೋಡಿರುವುದಿಲ್ಲ. ನೆನಪಿರುವುದು ಡಬ್ಬದ ಮೇಲಿನ ಹೆಸರು ಮಾತ್ರ.

ಆದ್ದರಿಂದ ಯಾವ ಕಂಪನಿಯ ಬಗ್ಗೆ ಏನೇ ಕೇಳಿದರೂ ಮೂರು ಮರುಪ್ರಶ್ನೆ ಹಾಕಿ: ಯಾವ ಗಾಡಿಗೆ ಹಾಕಿದ್ದರು, ಡಬ್ಬದ ಮೇಲೆ ಯಾವ ಗ್ರೇಡ್ ಇತ್ತು, ಎಷ್ಟು ಕಿಲೋಮೀಟರ್‌ಗೆ ಬದಲಿಸುತ್ತಿದ್ದರು. ಮೂರಕ್ಕೂ ಉತ್ತರ ಬಂದರೆ ಕೂತು ಕೇಳಿ. ‘ನಮ್ಮ ಭಾವಮೈದನ ಗಾಡಿ ಸೀಜ್ ಆಯ್ತು’ ಅನ್ನುವುದಷ್ಟೇ ಬಂದರೆ ಟೀ ಮುಗಿಸಿ ಎದ್ದು ಬನ್ನಿ.

ಹಂತ 1: ಮ್ಯಾನ್ಯುಯಲ್‌ನಿಂದ ಒಂದು ಸಾಲು ಬರೆದುಕೊಳ್ಳಿ

ಗಾಡಿ ಕೊಂಡಾಗ ಕೊಟ್ಟ ಪುಸ್ತಕ ಬಹುತೇಕ ಮನೆಗಳಲ್ಲಿ ಆರ್‌ಸಿ, ಇನ್ಶೂರೆನ್ಸ್ ಜೊತೆ ಅದೇ ಪ್ಲಾಸ್ಟಿಕ್ ಕವರ್‌ನಲ್ಲಿ ಕೂತಿರುತ್ತದೆ. ಕಳೆದುಹೋಗಿದ್ದರೆ ಗಾಡಿ ಕಂಪನಿಯ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಅದರ ಕೊನೆಯ ಪುಟಗಳಲ್ಲಿ, ತಾಂತ್ರಿಕ ವಿವರದ ಪಟ್ಟಿಯಲ್ಲಿ, ಎಂಜಿನ್ ಆಯಿಲ್ ಎಂಬ ಸಾಲು ಹುಡುಕಿ. ‘ಎಸ್‌ಎಇ 10ಡಬ್ಲ್ಯು-30, ಎಪಿಐ ಎಸ್‌ಎಲ್, ಜಾಸೊ ಎಂಎ2’ ಎಂಬ ರೀತಿಯಲ್ಲಿ ಬರೆದಿರುತ್ತದೆ. ಎಸ್‌ಎಇ ಅಂದರೆ ಮಂದತೆಯ ಗ್ರೇಡ್, ಎಪಿಐ ಗುಣಮಟ್ಟದ ದರ್ಜೆ, ಜಾಸೊ ಬೈಕ್-ಸ್ಕೂಟರ್ ಕ್ಲಚ್‌ಗೆ ಸಂಬಂಧಿಸಿದ ಗುರುತು; ಒಂದೊಂದನ್ನೂ ಮುಂದೆ ನೋಡೋಣ. ಆ ಸಾಲನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಕೇಳಬೇಕಾದದ್ದು ಈ ಸಾಲನ್ನು. ಇದಕ್ಕೆ ಹೊಂದುವ ಆಯಿಲ್ ಕ್ಯಾಸ್ಟ್ರಾಲ್, ಸರ್ವೊ, ಮ್ಯಾಕ್, ಗಲ್ಫ್, ಶೆಲ್, ವಾಲ್ವೊಲಿನ್, ವೀಡಾಲ್, ಮೊಟುಲ್ ಯಾವುದೇ ಆಗಲಿ, ಎಂಜಿನ್‌ಗೆ ಸಾಕು.

ಪಕ್ಕದಲ್ಲೇ ಪ್ರಮಾಣವೂ ಇರುತ್ತದೆ, ಮತ್ತು ಸಾಮಾನ್ಯವಾಗಿ ಎರಡು ಸಂಖ್ಯೆ ಇರುತ್ತವೆ. ಒಂದು ಆಯಿಲ್ ಇಳಿಸಿ ಬದಲಿಸುವಾಗಿನದು, ಇನ್ನೊಂದು ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದಾಗಿನದು. ಬೈಕ್‌ಗಳಲ್ಲಿ ಇವೆರಡರ ನಡುವೆ 100ರಿಂದ 200 ಮಿಲಿ ವ್ಯತ್ಯಾಸ ಇರುವುದು ಸಾಮಾನ್ಯ. ಎಷ್ಟೇ ಬಸಿದರೂ ಅಷ್ಟು ಹಳೇ ಆಯಿಲ್ ಒಳಗಿನ ಮೂಲೆಗಳಲ್ಲಿ ಉಳಿದೇ ಉಳಿಯುತ್ತದೆ. ದೊಡ್ಡ ಸಂಖ್ಯೆ ನೋಡಿ ಡಬ್ಬ ಪೂರ್ತಿ ಸುರಿದರೆ ಮಟ್ಟ ಮೀರುತ್ತದೆ, ಒಳಗೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ಎಂಜಿನ್‌ನ ಆವಿ ಹೊರಬಿಡುವ ಬ್ರೀದರ್ ಪೈಪ್ ಮೂಲಕ ಏರ್ ಫಿಲ್ಟರ್ ಒದ್ದೆಯಾಗುತ್ತದೆ. ಆಮೇಲೆ ‘ಈ ಕಂಪನಿ ಆಯಿಲ್ ಹಾಕಿದ ಮೇಲೆ ಪಿಕಪ್ಪೇ ಹೋಯ್ತು’ ಎಂಬ ಮಾತು ಹುಟ್ಟುತ್ತದೆ.

ಹಂತ 2: ಗ್ರೇಡ್ ಸಂಖ್ಯೆ ಓದುವುದು

20ಡಬ್ಲ್ಯು-40 ಎಂಬಲ್ಲಿ ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ವೆಯ್ಟ್ ಅಲ್ಲ, ವ್ಯಾಟ್ ಅಂತೂ ಅಲ್ಲವೇ ಅಲ್ಲ. ಅದರ ಹಿಂದಿನ ಸಂಖ್ಯೆ ಕಡಿಮೆಯಾದಷ್ಟೂ ತಣ್ಣಗಿರುವಾಗ ಆಯಿಲ್ ಬೇಗ ಹರಿಯುತ್ತದೆ. ಎರಡನೇ ಸಂಖ್ಯೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಎಂಜಿನ್ ಕಾದಾಗ, ಅದು ಎಷ್ಟು ಮಂದ ಇರುತ್ತದೆ ಎಂಬುದರ ಅಳತೆ. ಎಸ್‌ಎಇ ಜೆ300 ಎಂಬ ಮಾನದಂಡದ ಪ್ರಕಾರ 30ರ ಆಯಿಲ್ 9.3ರಿಂದ 12.5 ಸೆಂಟಿಸ್ಟೋಕ್ (ಮಂದತೆ ಅಳೆಯುವ ಮಾನ) ಒಳಗೆ, 40ರದು 12.5ರಿಂದ 16.3ರ ಒಳಗೆ, 50ರದು 16.3ರಿಂದ 21.9ರ ಒಳಗೆ ಇರಬೇಕು. ಸರ್ಕಾರಿ ಕಂಪನಿಯ 20ಡಬ್ಲ್ಯು-40 ಆದರೂ ವಿದೇಶಿ ಕಂಪನಿಯ 20ಡಬ್ಲ್ಯು-40 ಆದರೂ ಬಿಸಿಯಾದಾಗ ಈ ಪಟ್ಟಿಯೊಳಗೇ ಇರಬೇಕು. ‘ನೀರಿನ ಥರ ಇದೆ’ ಅನ್ನುವವರು ಸಾಮಾನ್ಯವಾಗಿ ಒಂದು ಕಂಪನಿಯ 10ಡಬ್ಲ್ಯು-30ನ್ನು ಇನ್ನೊಂದರ 20ಡಬ್ಲ್ಯು-50 ಪಕ್ಕ ಇಟ್ಟು ನೋಡಿರುತ್ತಾರೆ.

ಕೋಲಾರದಲ್ಲಿ ಡಿಸೆಂಬರ್-ಜನವರಿಯ ಬೆಳಗಿನ ಜಾವ ಎಷ್ಟೇ ಚಳಿಯಾದರೂ 20ಡಬ್ಲ್ಯು ಗಾಡಿ ಸ್ಟಾರ್ಟ್ ಆಗದಷ್ಟು ಗಟ್ಟಿಯಾಗುವುದಿಲ್ಲ. ಆ ಗ್ರೇಡನ್ನು ಪರೀಕ್ಷಿಸುವುದೇ ಸೊನ್ನೆಗಿಂತ 15 ಡಿಗ್ರಿ ಕೆಳಗೆ. ಹಾಗಿದ್ದರೆ 10ಡಬ್ಲ್ಯು, 5ಡಬ್ಲ್ಯು ಆಯಿಲ್ ನಮಗೇಕೆ? ಸ್ಟಾರ್ಟ್ ಆದ ಮೊದಲ ಕ್ಷಣಗಳಲ್ಲಿ ಆಯಿಲ್ ಮೇಲೆ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್‌ಗೆ ಬೇಗ ತಲುಪಲಿ ಎಂದು. ಈಗಿನ ಎಂಜಿನ್‌ಗಳಲ್ಲಿ ಆಯಿಲ್ ಓಡುವ ದಾರಿಗಳೂ ಬೇರಿಂಗ್ ಸಂದುಗಳೂ ಕಿರಿದು. ಮ್ಯಾನ್ಯುಯಲ್ 5ಡಬ್ಲ್ಯು-30 ಅಥವಾ 0ಡಬ್ಲ್ಯು-20 ಎಂದಿರುವ ಹೊಸ ಕಾರಿಗೆ ‘ನಮ್ಮೂರ ಬಿಸಿಲಿಗೆ ತಡೆಯಲ್ಲ’ ಎಂದು 20ಡಬ್ಲ್ಯು-50 ಹಾಕಿದರೆ ಮೈಲೇಜ್ ಇಳಿಯುತ್ತದೆ, ಬೆಳಗಿನ ಸ್ಟಾರ್ಟ್‌ನಲ್ಲಿ ಟ್ಯಾಪೆಟ್ ಸದ್ದು ಹೆಚ್ಚು ಹೊತ್ತು ಕೇಳುತ್ತದೆ.

ಬಿಸಿಲಿನ ವಾದದಲ್ಲಿ ಒಂದು ಪಾಲು ನಿಜವೂ ಇದೆ, ಅದನ್ನು ಬೇರ್ಪಡಿಸಿ ನೋಡಬೇಕು. ರೇಡಿಯೇಟರ್ ಇರುವ ಎಂಜಿನ್‌ನಲ್ಲಿ ಥರ್ಮೋಸ್ಟಾಟ್ ಶಾಖವನ್ನು ಹಿಡಿತದಲ್ಲಿಡುತ್ತದೆ. ಪಾವಗಡದ ಏಪ್ರಿಲ್ ಮಧ್ಯಾಹ್ನವಾಗಲಿ ನಂದಿ ಬೆಟ್ಟದ ಬೆಳಗಾಗಲಿ, ಒಳಗಿನ ಆಯಿಲ್ ಸುಮಾರು ಒಂದೇ ಶಾಖದಲ್ಲಿ ಓಡುತ್ತದೆ. ಗಾಳಿಯಿಂದ ತಣಿಯುವ ಬೈಕ್ ಎಂಜಿನ್ ಹಾಗಲ್ಲ; ಹೊರಗಿನ ಸೆಕೆ, ಟ್ರಾಫಿಕ್, ಭಾರ ಎಲ್ಲಕ್ಕೂ ಅದರ ಆಯಿಲ್ ಇನ್ನಷ್ಟು ಕಾಯುತ್ತದೆ. ಕೆಲವು ಬೈಕ್ ಮ್ಯಾನ್ಯುಯಲ್‌ಗಳಲ್ಲಿ ಹೊರಗಿನ ಶಾಖಕ್ಕೆ ತಕ್ಕಂತೆ ಎರಡು ಮೂರು ಗ್ರೇಡ್‌ಗಳ ಪಟ್ಟಿ ಕೊಟ್ಟಿರುವುದು ಅದಕ್ಕೇ. ಆ ಪಟ್ಟಿಯಲ್ಲಿದ್ದರೆ ಬೇಸಿಗೆಗೆ ಮಂದದ್ದು ಹಾಕಿ. ಇಲ್ಲದಿದ್ದರೆ ಬೇಡ.

ನೀಲಿ ಹೊಗೆ ಬರುವ ಹಳೇ ಗಾಡಿಗೆ ಮಂದ ಆಯಿಲ್ ಹಾಕುವ ಪದ್ಧತಿ ಇದೆ. ಹೊಗೆ ಸ್ವಲ್ಪ ಕಡಿಮೆಯಾಗುವುದೂ ಹೌದು. ಸವೆದ ರಿಂಗ್, ಗಟ್ಟಿಯಾದ ವಾಲ್ವ್ ಸೀಲ್ ಹಾಗೇ ಇರುತ್ತವೆ, ಅಷ್ಟೇ. ಬೋರ್ ಕೆಲಸಕ್ಕೆ (ಸಿಲಿಂಡರ್ ದುರಸ್ತಿಗೆ) ದುಡ್ಡು ಹೊಂದಿಸುವವರೆಗೆ ಇದು ನಡೆಯುತ್ತದೆ.

ಹಂತ 3: ಎಪಿಐ ಅಕ್ಷರ

ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಡುವ ದರ್ಜೆ ಇದು, ಓದುವುದು ಸುಲಭ. ಎಸ್ ಇಂದ ಶುರುವಾದರೆ ಪೆಟ್ರೋಲ್, ಸಿ ಇಂದ ಶುರುವಾದರೆ ಡೀಸೆಲ್. ಪೆಟ್ರೋಲ್‌ನಲ್ಲಿ ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸದು: ಎಸ್‌ಎಲ್ 2001ರದು, ಎಸ್‌ಎನ್ 2010ರದು, ಎಸ್‌ಪಿ 2020ರದು. ಮ್ಯಾನ್ಯುಯಲ್ ಎಸ್‌ಎಲ್ ಕೇಳಿದರೆ ಎಸ್‌ಎನ್ ಹಾಕಬಹುದು, ಎಸ್‌ಎನ್ ಕೇಳಿದಲ್ಲಿ ಎಸ್‌ಎಲ್ ಹಾಕಬಾರದು. ಹಳ್ಳಿ ಕಡೆ ಅಗ್ಗದ ಡಬ್ಬಗಳಲ್ಲಿ ಎಸ್‌ಸಿ, ಎಸ್‌ಡಿ ಎಂಬ ಗುರುತು ಕಂಡರೆ ಅವು ಎಪಿಐ ಎಂದೋ ಕೈಬಿಟ್ಟ ದರ್ಜೆಗಳು. ಪಂಪ್‌ಸೆಟ್ ಎಂಜಿನ್‌ಗೂ ಯೋಚಿಸಿ ಹಾಕಿ.

ಹಂತ 4: ಬೈಕ್ ಆದರೆ ಜಾಸೊ ಗುರುತು. ಹೆಚ್ಚು ಎಡವಟ್ಟಾಗುವುದು ಇಲ್ಲೇ

ಬೈಕ್‌ನಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಕ್ಲಚ್ ಪ್ಲೇಟ್‌ಗಳು ಆಯಿಲ್‌ನಲ್ಲೇ ಮುಳುಗಿ ಒಂದನ್ನೊಂದು ಹಿಡಿಯಬೇಕು. ಸ್ಕೂಟರ್‌ನಲ್ಲಿ ಕ್ಲಚ್ ಒಣಗಿರುತ್ತದೆ, ಬೆಲ್ಟ್ ಪಕ್ಕದ ಬೇರೆ ಗೂಡಿನಲ್ಲಿ. ಅದಕ್ಕೇ ಜಪಾನಿನ ಜಾಸೊ ಮಾನದಂಡ ಎರಡು ಗುರುತು ಕೊಡುತ್ತದೆ: ಒದ್ದೆ ಕ್ಲಚ್‌ಗೆ ಎಂಎ, ಅದರೊಳಗೆ ಹಿಡಿತದ ಪ್ರಮಾಣಕ್ಕೆ ತಕ್ಕಂತೆ ಎಂಎ1 ಮತ್ತು ಎಂಎ2, ಜಾರಿಕೆ ಹೆಚ್ಚಿರುವ ಸ್ಕೂಟರ್ ಆಯಿಲ್‌ಗೆ ಎಂಬಿ. ನರಸಾಪುರದ ಕಾರ್ಖಾನೆಯಲ್ಲಿ ತಯಾರಾಗುವ ಹೋಂಡಾ ಸ್ಕೂಟರ್‌ಗೆ ಎಂಬಿ ಸರಿ. ಅದೇ ಕಂಪನಿಯ ಬೈಕ್‌ಗೆ ಅದೇ ಡಬ್ಬ ತಪ್ಪು. ಎರಡೂ 10ಡಬ್ಲ್ಯು-30, ಎರಡರ ಮೇಲೂ ಒಂದೇ ಹೆಸರು, ಡಬ್ಬದ ಬಣ್ಣ ಮಾತ್ರ ಬೇರೆ. ಮನೆಯಲ್ಲಿ ಒಂದು ಸ್ಕೂಟರ್ ಒಂದು ಬೈಕ್ ಇರುವವರು ಉಳಿದ ಆಯಿಲನ್ನು ಅದಕ್ಕೂ ಇದಕ್ಕೂ ಸುರಿದು ಕೆಡಿಸಿಕೊಳ್ಳುವುದು ಹೀಗೆ.

ತಪ್ಪಿದಾಗ ಏನಾಗುತ್ತದೆ? ಸಮತಟ್ಟಾದ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಹಿಂದೆ 15 ಕೆಜಿಯ ಎರಡು ಟೊಮೆಟೊ ಬಾಕ್ಸ್ ಕಟ್ಟಿಕೊಂಡು ತೇರಹಳ್ಳಿ ಬೆಟ್ಟದ ಏರು ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಪರೀಕ್ಷಿಸಲು ಖಾಲಿ ರಸ್ತೆಯಲ್ಲಿ ಟಾಪ್ ಗೇರ್‌ಗೆ ಹಾಕಿ, ಗಂಟೆಗೆ 40 ಕಿಮೀ ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ. ವೇಗ ನಿಧಾನವಾಗಿ ಏರಿದರೆ ಕ್ಲಚ್ ಚೆನ್ನಾಗಿದೆ. ಸದ್ದು ಜಿಗಿದು ವೇಗ ಅಲ್ಲೇ ನಿಂತರೆ ಸ್ಲಿಪ್ ಆಗುತ್ತಿದೆ.

ಆದರೂ ಕೂಡಲೇ ಆಯಿಲನ್ನು ದೂರಬೇಡಿ. ಮೊದಲು ಕ್ಲಚ್ ಲಿವರ್ ತುದಿಯಲ್ಲಿ 10ರಿಂದ 20 ಮಿಮೀ ಸಡಿಲ ಇದೆಯೇ ನೋಡಿ. ಕೇಬಲ್ ಬಿಗಿಯಾಗಿದ್ದರೆ ಯಾವ ಆಯಿಲ್ ಹಾಕಿದರೂ ಸ್ಲಿಪ್ ಆಗುತ್ತದೆ. ಸಡಿಲ ಸರಿಯಿದ್ದು, ತಪ್ಪು ಆಯಿಲ್ ಹಾಕಿದ್ದು ಖಚಿತವಾದರೆ ಇಳಿಸಿ ಎಂಎ2 ತುಂಬಿ. ಒಂದು ನೂರೈವತ್ತು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬದಲಿಸಿ, ಏಕೆಂದರೆ ಮೂಲೆಗಳಲ್ಲಿ ಉಳಿದ ಹಳೆಯದು ಮೊದಲ ಸಲ ಪೂರ್ತಿ ಹೋಗುವುದಿಲ್ಲ. ಆಮೇಲೂ ಜಾರಿದರೆ ಪ್ಲೇಟ್‌ಗಳ ಮೇಲ್ಮೈ ಗಾಜಿನಂತೆ ಹೊಳಪಾಗಿರುತ್ತದೆ, ಹೊಸದು ಹಾಕಿಸಲೇಬೇಕು.

ಕಾರಿನ 5ಡಬ್ಲ್ಯು-30, 0ಡಬ್ಲ್ಯು-20 ಆಯಿಲ್‌ಗಳನ್ನೂ ಇದೇ ಕಾರಣಕ್ಕೆ ಬೈಕ್‌ಗೆ ಹಾಕಬಾರದು. ಪೆಟ್ರೋಲ್ ಉಳಿಸಲೆಂದು ಅವುಗಳಲ್ಲಿ ಜಾರಿಸುವ ರಾಸಾಯನಿಕ ಸೇರಿಸಿರುತ್ತಾರೆ. ಟ್ರ್ಯಾಕ್ಟರ್‌ಗೆ ತಂದ 15ಡಬ್ಲ್ಯು-40 ಬೈಕ್‌ಗೆ ಹಾಕಿ ವರ್ಷಗಟ್ಟಲೆ ಓಡಿಸುವವರು ಶ್ರೀನಿವಾಸಪುರದ ಕಡೆ ಬೇಕಾದಷ್ಟು ಜನ ಇದ್ದಾರೆ. ಅದು ಸ್ಲಿಪ್ ಆಗುವುದು ಅಪರೂಪ, ನಿಜ. ಡಬ್ಬದ ಮೇಲೆ ಜಾಸೊ ಗುರುತಿಲ್ಲದಿದ್ದರೆ ಕ್ಲಚ್‌ಗೆ ಪರೀಕ್ಷಿಸಿದ ಆಯಿಲ್ ಅಲ್ಲ ಎಂದಷ್ಟೇ ತಿಳಿದಿರಿ. ತಿರುಗು ಮುರುಗಾಗಿ, ಸ್ಕೂಟರ್‌ಗೆ ಎಂಎ ಆಯಿಲ್ ಬಿದ್ದರೆ ಕೆಡುವಂಥದ್ದೇನೂ ಇಲ್ಲ, ಮೈಲೇಜ್ ಚೂರು ಕಡಿಮೆಯಾದೀತು.

ಹಂತ 5: ಬಿಎಸ್6 ಡೀಸೆಲ್ ಗಾಡಿ ಆದರೆ ಬೂದಿಯ ಲೆಕ್ಕ

2020ರ ಏಪ್ರಿಲ್ 1ರಿಂದ ಬಂದ ಬಿಎಸ್6 (ಹೊಗೆ ಮಿತಿಯ ಮಾನದಂಡ) ಡೀಸೆಲ್ ಪಿಕಪ್, ಕಾರುಗಳಲ್ಲಿ ಹಲವಕ್ಕೆ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಜೇನುಗೂಡಿನಂಥ ಫಿಲ್ಟರ್ ಇದೆ. ಅದರಲ್ಲಿ ಸಿಕ್ಕಿಕೊಳ್ಳುವ ಮಸಿಯನ್ನು ಗಾಡಿಯೇ ಆಗಾಗ ಸುಟ್ಟುಕೊಳ್ಳುತ್ತದೆ. ಆಯಿಲ್ ಉರಿದು ಉಳಿಯುವ ಬೂದಿ ಮಾತ್ರ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಹಳೇ ಗಾಡಿಗಳ ಸಿಐ-4 ಆಯಿಲ್‌ನಲ್ಲಿ ಬೂದಿ ಶೇ 1.5ರವರೆಗೆ ಇರಬಹುದು, ಸಿಜೆ-4 ಮತ್ತು ಸಿಕೆ-4ರಲ್ಲಿ ಮಿತಿ ಶೇ 1, ಯುರೋಪಿನ ಎಸಿಇಎ ಎಂಬ ಮಾನದಂಡದ ಸಿ3 ದರ್ಜೆಯಲ್ಲಿ ಶೇ 0.8. ಇಲ್ಲಿ ‘ಯಾವ ಕಂಪನಿ’ ಎಂದು ಜಗಳವಾಡುತ್ತ ಮ್ಯಾನ್ಯುಯಲ್ ಕೇಳಿದ ಸಂಕೇತ ತಪ್ಪಿಸಿದರೆ ಫಿಲ್ಟರ್ ಬದಲಿಸುವ ಖರ್ಚು ಹತ್ತಾರು ಆಯಿಲ್ ಚೇಂಜ್‌ಗಳ ದುಡ್ಡನ್ನು ಒಂದೇ ಸಲ ನುಂಗುತ್ತದೆ.

ಇದೇ ಗಾಡಿಗಳಲ್ಲಿ ಇನ್ನೊಂದು ವಿಚಿತ್ರ: ಆಯಿಲ್ ಮಟ್ಟ ತಾನಾಗಿ ಏರುತ್ತದೆ. ತೋಟದಿಂದ ಎಪಿಎಂಸಿಗೆ, ಎಪಿಎಂಸಿಯಿಂದ ತೋಟಕ್ಕೆ ಹತ್ತು ಹನ್ನೆರಡು ಕಿಮೀ ಮಾತ್ರ ಓಡುವ ಪಿಕಪ್‌ನಲ್ಲಿ ಮಸಿ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತ ಹೋಗಿ, ಅದಕ್ಕೆಂದು ಚಿಮ್ಮಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ. ಮಟ್ಟ ನೋಡುವ ಕಡ್ಡಿಯಲ್ಲಿ (ಡಿಪ್‌ಸ್ಟಿಕ್) ಆಯಿಲ್ ಮೇಲಿನ ಗೆರೆ ದಾಟಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಬದಲಿಸಿ. ಆಯಿಲ್ ತೆಳುವಾಗಿದೆ ಎಂದು ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಮುಳಬಾಗಿಲವರೆಗೆ ಒಂದೇ ವೇಗದಲ್ಲಿ ಓಡಿಸಿಕೊಂಡು ಬಂದರೆ ಈ ತೊಂದರೆ ಬಹುಪಾಲು ಬಗೆಹರಿಯುತ್ತದೆ.

ಹೆಸರಿಗೆ ಅಂಟಿಕೊಂಡ ವದಂತಿಗಳು

ಮೇಣ ಕಟ್ಟುವ ಕಥೆ ಅಮೆರಿಕದಲ್ಲಿ ಬೆಳೆದದ್ದು. ಪೆನ್ಸಿಲ್ವೇನಿಯಾದ ಕಚ್ಚಾ ತೈಲದಲ್ಲಿ ಪ್ಯಾರಾಫಿನ್ ಅಂಶ ಹೆಚ್ಚು. ಅದರಿಂದ ತಯಾರಾಗುತ್ತಿದ್ದ ಪೆನ್‌ಜಾಯಿಲ್, ಕ್ವೇಕರ್ ಸ್ಟೇಟ್ ಆಯಿಲ್‌ಗಳ ಮೇಲೆ ಈ ಅಪವಾದ ದಶಕಗಳ ಕಾಲ ಕೂತಿತ್ತು. ಪ್ಯಾರಾಫಿನ್ ಅಂದರೆ ಮೇಣದಬತ್ತಿ ನೆನಪಾಗುತ್ತದಲ್ಲ, ಅಷ್ಟೇ ಸಾಕಾಯಿತು. ಆಯಿಲ್ ಶುದ್ಧೀಕರಿಸುವಾಗಲೇ ಮೇಣವನ್ನು ತೆಗೆಯುತ್ತಾರೆ. ಉಳಿಯುವ ಪ್ಯಾರಾಫಿನಿಕ್ ಆಯಿಲ್ ಶಾಖಕ್ಕೆ ಬೇಗ ತೆಳುವಾಗದ ಒಳ್ಳೇ ಜಾತಿಯದು. ಎಂಜಿನ್ ಬಿಚ್ಚಿದಾಗ ಕಾಣುವ ಕಪ್ಪು ಜಿಡ್ಡು, ಸ್ಲಡ್ಜ್, ಹುಟ್ಟುವುದು ಬದಲಿಸುವ ಅವಧಿ ಮೀರಿದ್ದರಿಂದ, ಎಂಜಿನ್ ಸರಿಯಾಗಿ ಕಾಯದ ಚಿಕ್ಕ ಓಡಾಟಗಳಿಂದ, ನೀರು ಸೇರಿದ್ದರಿಂದ. ಸರ್ಕಾರಿ ಕಂಪನಿಗಳ ಸರ್ವೊ, ಮ್ಯಾಕ್, ಎಚ್‌ಪಿ ಬಗ್ಗೆ ನಮ್ಮಲ್ಲಿ ಓಡಾಡುವ ಮಾತೂ ಇದೇ ಜಾತಿಯದು.

‘ಶೋರೂಮ್‌ನ ಜೆನ್ಯುಯಿನ್ ಆಯಿಲೇ ಬೇರೆ’ ಎನ್ನುವುದೂ ಅಷ್ಟೇ. ಗಾಡಿ ಕಂಪನಿಗಳು ತೈಲ ಶುದ್ಧೀಕರಿಸುವುದಿಲ್ಲ. ಆಯಿಲ್ ಕಂಪನಿಗಳಿಂದ ತಮ್ಮ ಅಳತೆಗೆ ಮಾಡಿಸಿ ತಮ್ಮ ಹೆಸರಿನ ಡಬ್ಬಕ್ಕೆ ತುಂಬಿಸುತ್ತವೆ. ಆ ಆಯಿಲ್ ಒಳ್ಳೆಯದೇ, ಗೊಂದಲವಿಲ್ಲದೆ ಕೊಳ್ಳಬಹುದು. ವಾರಂಟಿ ಅವಧಿಯಲ್ಲಿ ಬೇರೆಯದು ಹಾಕಿದರೆ ಬಿಲ್ ಮತ್ತು ಡಬ್ಬದ ಫೋಟೊ ಇಟ್ಟುಕೊಳ್ಳಿ.

ಸಿಂಥೆಟಿಕ್‌ನಿಂದ (ರಾಸಾಯನಿಕವಾಗಿ ಕಟ್ಟಿದ ಆಯಿಲ್‌ನಿಂದ) ಹಿಂದಕ್ಕೆ ಬರಬಾರದು ಎಂಬ ಮಾತಿಗೆ ಹಳೇ ಕಾರಣ ಒಂದಿದೆ. 1970ರ ದಶಕದ ಮೊದಮೊದಲ ಸಿಂಥೆಟಿಕ್ ಆಯಿಲ್‌ಗಳು ಕೆಲವು ರಬ್ಬರ್ ಸೀಲ್‌ಗಳಿಗೆ ಒಗ್ಗದೆ ಸೋರಿಕೆ ಆಗುತ್ತಿತ್ತು. ಆಮೇಲೆ ಸೂತ್ರ ಬದಲಾಯಿತು, ಮಾತು ಬದಲಾಗಲಿಲ್ಲ. ಈಗ ಮಾಮೂಲಿಯಿಂದ ಸಿಂಥೆಟಿಕ್‌ಗೆ, ಅಲ್ಲಿಂದ ವಾಪಸ್, ಎರಡೂ ಕಡೆ ಹೋಗಬಹುದು. ಹಳೇ ಗಾಡಿಗೆ ಸಿಂಥೆಟಿಕ್ ಹಾಕಿದ ಮೇಲೆ ಸೋರಿದರೆ, ಸೀಲ್ ಮೊದಲೇ ಬಿರುಕು ಬಿಟ್ಟು ಜಿಡ್ಡಿನಿಂದ ಮುಚ್ಚಿಕೊಂಡಿತ್ತು ಎಂದು ಅರ್ಥ.

ಇನ್ನು ‘ಫುಲ್ ಸಿಂಥೆಟಿಕ್ ಅಂದ್ರೆ ನಿಜವಾದ ಸಿಂಥೆಟಿಕ್ ಅಲ್ಲ’ ಎಂಬ ತಕರಾರು. ಇದು ಅರ್ಧ ಸತ್ಯ. ಕಚ್ಚಾ ತೈಲವನ್ನೇ ಹೈಡ್ರೋಜನ್ ಜೊತೆ ತೀವ್ರವಾಗಿ ಸಂಸ್ಕರಿಸಿದ ಗ್ರೂಪ್ 3 ಆಯಿಲನ್ನು ಸಿಂಥೆಟಿಕ್ ಎನ್ನಬಹುದೇ ಎಂದು ಕ್ಯಾಸ್ಟ್ರಾಲ್ ವಿರುದ್ಧ ಮೊಬಿಲ್ ಅಮೆರಿಕದ ಜಾಹೀರಾತು ನಿಗಾ ಸಂಸ್ಥೆಯ ಮುಂದೆ ತಕರಾರು ಎತ್ತಿತ್ತು. 1999ರಲ್ಲಿ ತೀರ್ಮಾನ ಕ್ಯಾಸ್ಟ್ರಾಲ್ ಪರ ಬಂತು. ಅಲ್ಲಿಂದ ಆ ಪದ ಮಾರಾಟದ ಪದವಾಗಿಯೇ ಉಳಿದಿದೆ. ಸೆಮಿ ಸಿಂಥೆಟಿಕ್ ಡಬ್ಬದಲ್ಲಿ ಎಷ್ಟು ಪಾಲು ಸಿಂಥೆಟಿಕ್ ಎಂದು ಎಪಿಐ ಗುರುತೂ ಹೇಳುವುದಿಲ್ಲ. 100 ಸಿಸಿ ಗಾಡಿಗೆ ಮ್ಯಾನ್ಯುಯಲ್ ಕೇಳಿದ ಮಾಮೂಲಿ ಆಯಿಲನ್ನೇ ಹೊತ್ತಿಗೆ ಸರಿಯಾಗಿ ಬದಲಿಸುವುದು, ದುಬಾರಿ ಸಿಂಥೆಟಿಕ್ ಹಾಕಿ ಮರೆತುಬಿಡುವುದಕ್ಕಿಂತ ಎಷ್ಟೋ ಮೇಲು.

ಎರಡು ಕಂಪನಿ ಆಯಿಲ್ ಬೆರೆತರೆ ಹಾಲಿನಂತೆ ಒಡೆಯುವುದಿಲ್ಲ. ಒಂದಕ್ಕೊಂದು ಬೆರೆಯಬೇಕೆಂಬುದು ಎಪಿಐ ಪರೀಕ್ಷೆಗಳಲ್ಲೇ ಒಂದು. ದಾರಿಯಲ್ಲಿ ಮಟ್ಟ ಕಡಿಮೆಯಾದರೆ ಅದೇ ಗ್ರೇಡಿನ ಯಾವ ಕಂಪನಿಯದಾದರೂ ಹಾಕಿ ಮನೆ ಸೇರಿ. ಕಡಿಮೆ ಆಯಿಲ್‌ನಲ್ಲಿ ಓಡಿಸುವುದೇ ಅಪಾಯ.

ಗ್ಯಾರೇಜ್ ಪರೀಕ್ಷೆಗಳು: ಯಾವುದು ನಂಬಬಹುದು

ಬೆರಳಿನಲ್ಲಿ ಉಜ್ಜಿ ‘ಇದರಲ್ಲಿ ಜೀವ ಇದೆ’ ಎನ್ನುವುದು ದಂಡ. 40 ಡಿಗ್ರಿಯಲ್ಲಿರುವ ಆಯಿಲ್ 100 ಡಿಗ್ರಿಗಿಂತ ಏಳೆಂಟು ಪಟ್ಟು ಮಂದವಾಗಿರುತ್ತದೆ. ಎಂಜಿನ್‌ನೊಳಗಿನ ಶಾಖದಲ್ಲಿ ಬೆರಳು ಇಡಲಾಗದು. ಬೆಂಕಿ ಹಚ್ಚಿ ನೋಡುವುದು ದಂಡದ ಜೊತೆ ಅಪಾಯ. ಫ್ರಿಜ್‌ನಲ್ಲಿಟ್ಟು ಹರಿವು ನೋಡುವ ವಿಡಿಯೊಗಳು ಹಿಮಾಲಯಕ್ಕೆ ಸರಿ, ಬಂಗಾರಪೇಟೆಗೆ ಬೇಡ.

ಬಣ್ಣ ಕೂಡ ಮೋಸ ಮಾಡುತ್ತದೆ. ಡೀಸೆಲ್ ಗಾಡಿಗೆ ಹೊಸ ಆಯಿಲ್ ಹಾಕಿ ಒಂದು ದಿನ ಓಡಿಸಿದರೆ ಕಪ್ಪಾಗಿರುತ್ತದೆ. ಮಸಿಯನ್ನು ತನ್ನಲ್ಲಿ ತೇಲಿಸಿಕೊಂಡು ಎಂಜಿನ್ ಗೋಡೆಗೆ ಅಂಟದಂತೆ ಹಿಡಿದಿರುವ ಲಕ್ಷಣ ಅದು. ಚಿಂತಿಸಬೇಕಾದ ಬಣ್ಣ ಒಂದೇ: ಹಾಲು ಹೆಚ್ಚಾದ ಟೀ ಬಣ್ಣ. ನೀರು ಅಥವಾ ಕೂಲಂಟ್ ಸೇರಿದೆ.

ಪ್ರದರ್ಶನಗಳಲ್ಲಿ, ಈಗೀಗ ಫೋನಿನಲ್ಲಿ, ತಿರುಗುವ ಉಕ್ಕಿನ ಬಳೆಗೆ ಒಂದು ಕಡ್ಡಿ ಒತ್ತಿ ಹಿಡಿದು ತೋರಿಸುತ್ತಾರಲ್ಲ, ಅದನ್ನು ಬಿಡಿಸಿ ಹೇಳಬೇಕು. ಒಂದು ಆಯಿಲ್ ಹಾಕಿದಾಗ ಕಿರುಚಿ ನಿಂತುಬಿಡುತ್ತದೆ, ‘ನಮ್ಮ’ ಆಯಿಲ್ ಅಥವಾ ಸೇರ್ಪಡೆ ಹಾಕಿದಾಗ ತಿರುಗುತ್ತಲೇ ಇರುತ್ತದೆ. ಆ ಯಂತ್ರ ಗ್ರೀಸ್, ಗೇರ್ ಆಯಿಲ್‌ಗಳ ಭಾರ ತಡೆಯುವ ಶಕ್ತಿ ಅಳೆಯಲು ಹುಟ್ಟಿದ ಪರೀಕ್ಷೆಯ ಸಣ್ಣ ರೂಪ. ಕ್ಲೋರಿನ್ ಇರುವ ದ್ರವ ಹಾಕಿದರೆ ಅದು ಚೆನ್ನಾಗಿ ಗೆಲ್ಲುತ್ತದೆ, ಶಾಂಪೂ ಹಾಕಿದರೂ ಕೆಲವೊಮ್ಮೆ ಗೆಲ್ಲುತ್ತದೆ. ಶಾಂಪೂ ಯಾರೂ ಎಂಜಿನ್‌ಗೆ ಹಾಕುವುದಿಲ್ಲ. ಬೇರಿಂಗ್‌ನಲ್ಲಿ ಲೋಹಕ್ಕೆ ಲೋಹ ಹಾಗೆ ಒತ್ತಿಕೊಂಡಿರುವುದೂ ಇಲ್ಲ. ನಡುವೆ ಆಯಿಲ್ ಪದರ ಒತ್ತಡದಲ್ಲಿ ತೇಲಿಸುತ್ತಿರುತ್ತದೆ. ಎಂಜಿನ್‌ಗೆ ಸೇರಿಸುವ ಬಾಟಲಿಗಳ ಜಾಹೀರಾತಿಗೆ ಸರ್ಕಾರವೇ ಕೈಹಾಕಿದ್ದೂ ಉಂಟು: ಸ್ಲಿಕ್ 50 ಎಂಬುದರ ಸವೆತ ತಡೆಯುವ ಘೋಷಣೆಗಳಿಗೆ ಆಧಾರವಿಲ್ಲ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ದೂರು ಹೂಡಿ, 1997ರಲ್ಲಿ ಒಪ್ಪಂದದ ಮೂಲಕ ಅವನ್ನು ನಿಲ್ಲಿಸಿತು.

ಮನೆಯಲ್ಲೇ ಮಾಡಬಹುದಾದ, ಸ್ವಲ್ಪವಾದರೂ ಅರ್ಥವಿರುವ ಪರೀಕ್ಷೆ ಒಂದಿದೆ: ಹೀರುಕಾಗದದ ಪರೀಕ್ಷೆ. ಬಿಸಿ ಎಂಜಿನ್‌ನ ಡಿಪ್‌ಸ್ಟಿಕ್‌ನಿಂದ ಒಂದೇ ಹನಿಯನ್ನು ಫಿಲ್ಟರ್ ಕಾಗದದ ಮೇಲೆ ಬಿಟ್ಟು, ಕೆಳಗೆ ಏನೂ ತಾಗದಂತೆ ಲೋಟದ ಬಾಯಿಯ ಮೇಲಿಟ್ಟು ರಾತ್ರಿ ಬಿಡಿ. ಬೆಳಗ್ಗೆ ನಡುವಿನಿಂದ ಅಂಚಿಗೆ ಬೂದು ಬಣ್ಣ ಮೆಲ್ಲಗೆ ತಿಳಿಯಾಗುತ್ತ ಹರಡಿದ್ದರೆ ಆಯಿಲ್ ಮಸಿಯನ್ನು ಇನ್ನೂ ಹೊರಬಲ್ಲದು. ನಡುವೆ ಗಟ್ಟಿ ಕಪ್ಪು ಬೊಟ್ಟು, ಅದರಾಚೆ ಬರೀ ಜಿಡ್ಡಿನ ಬಳೆ ಇದ್ದರೆ ಬದಲಿಸುವ ಕಾಲ. ಅಂಚು ಗರಗಸದಂತಿದ್ದರೆ ನೀರಿನ ಶಂಕೆ. ಇದು ಬಳಸಿದ ಆಯಿಲ್‌ನ ಸ್ಥಿತಿ ಹೇಳುತ್ತದೆ. ಹೊಸ ಡಬ್ಬ ಅಸಲಿಯೋ ಅಲ್ಲವೋ ಎಂದು ಹೇಳುವುದಿಲ್ಲ.

ಹಂತ 6: ಅಸಲಿ ಡಬ್ಬ ಕೊಳ್ಳುವುದು

ಒಳ್ಳೇ ಹೆಸರಿಗೆ ಕೆಟ್ಟ ಹೆಸರು ಬರುವುದು ಹೆಚ್ಚಾಗಿ ಇಲ್ಲಿಂದ. ಖಾಲಿ ಡಬ್ಬ ಗುಜರಿಗೆ ಹೋಗುತ್ತದೆ, ಸೋಸಿದ ಹಳೇ ಆಯಿಲ್ ತುಂಬಿಕೊಂಡು ಮರಳುತ್ತದೆ. ಹೆಚ್ಚು ಮಾರುವ ಹೆಸರೇ ಹೆಚ್ಚು ನಕಲಾಗುವುದು.

ಅಂಗಡಿಯಲ್ಲಿ ಮುಚ್ಚಳವನ್ನು ನಿಮ್ಮೆದುರೇ ತೆಗೆಸಿ. ಕೆಳಗಿನ ಉಂಗುರ ಟಕ್ ಎಂದು ಮುರಿಯಬೇಕು, ಬಾಯಿಗೆ ಅಂಟಿಸಿದ ಹಾಳೆಯ ಸೀಲ್ ಇರುವ ಡಬ್ಬದಲ್ಲಿ ಅದು ಸಮನಾಗಿ, ಸುಕ್ಕಿಲ್ಲದೆ, ಗೋಂದಿನ ಕಲೆಯಿಲ್ಲದೆ ಕೂತಿರಬೇಕು. ಬ್ಯಾಚ್ ಸಂಖ್ಯೆ, ತಯಾರಿಸಿದ ತಿಂಗಳು, ವರ್ಷ ಸ್ಪಷ್ಟವಾಗಿರಬೇಕು, ಬೆರಳಿನಲ್ಲಿ ಉಜ್ಜಿದರೆ ಸುಲಭಕ್ಕೆ ಹೋಗಬಾರದು. ತಯಾರಕರ ವಿಳಾಸ, ಎಂಆರ್‌ಪಿ, ನಿವ್ವಳ ಪ್ರಮಾಣ, ಗ್ರಾಹಕ ಸೇವಾ ಸಂಖ್ಯೆ ಇರಲೇಬೇಕು. ಕ್ಯೂಆರ್ ಅಥವಾ ಕೆರೆದು ನೋಡುವ ಸಂಕೇತ ಇದ್ದರೆ ಅಲ್ಲೇ ಸ್ಕ್ಯಾನ್ ಮಾಡಿ. ಒಂದು ಲೀಟರ್ ಆಯಿಲ್ ಸುಮಾರು 870ರಿಂದ 890 ಗ್ರಾಂ ತೂಗುತ್ತದೆ, ನೀರಿನಂತೆ ಒಂದು ಕೆಜಿ ಅಲ್ಲ. ಪ್ರಮಾಣದ ಅನುಮಾನ ಬಂದರೆ ಖಾಲಿ ಡಬ್ಬದ ತೂಕ ಕಳೆದು ನೋಡಬಹುದು. ಜಿಎಸ್‌ಟಿ ಬಿಲ್ ಕೇಳಿ, ಕೊಡಲು ಹಿಂಜರಿದರೆ ಮುಂದಿನ ಅಂಗಡಿ. ಬ್ಯಾರೆಲ್‌ನಿಂದ ಜಗ್‌ಗೆ ಬಿಡಿಯಾಗಿ ಹಿಡಿಯುವ ಆಯಿಲ್‌ಗೆ ಇದ್ಯಾವುದೂ ಅನ್ವಯಿಸುವುದಿಲ್ಲ, ಅದೇ ಅದರ ಸಮಸ್ಯೆ. ಮೋಸ ಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಹಂತ 7: ಬದಲಿಸುವುದು

ಗಾಡಿಯನ್ನು ಐದು ನಿಮಿಷ ಓಡಿಸಿ ಎಂಜಿನ್ ಬೆಚ್ಚಗೆ ಮಾಡಿ. ತಣ್ಣಗಿದ್ದರೆ ಕೆಸರು ತಳದಲ್ಲೇ ಉಳಿಯುತ್ತದೆ, ತೀರಾ ಬಿಸಿಯಿದ್ದರೆ ಕೈ ಸುಡುತ್ತದೆ. ಕೈಗವಸು ಹಾಕಿಕೊಳ್ಳಿ. ಸಮತಟ್ಟು ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಮೊದಲು ಮೇಲಿನ ಫಿಲ್ಲರ್ ಮುಚ್ಚಳ ತೆಗೆದು ಆಮೇಲೆ ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ. ಹತ್ತು ನಿಮಿಷವಾದರೂ ಬಸಿಯಲಿ. ಬೋಲ್ಟ್ ತುದಿಯಲ್ಲಿ, ತಟ್ಟೆಯ ತಳದಲ್ಲಿ ಹೊಳೆಯುವ ಪುಡಿ ಇದೆಯೇ ನೋಡಿ. ಬೂದು ಪೇಸ್ಟಿನಂಥದ್ದು ಮಾಮೂಲಿ, ಉಗುರಿಗೆ ಸಿಗುವ ಚೂರುಗಳು ಮಾಮೂಲಿಯಲ್ಲ.

ವಾಷರ್ ಹೊಸದು ಹಾಕಿ. ಬೋಲ್ಟನ್ನು ಮೊದಲು ಕೈಯಲ್ಲೇ ಕೂರಿಸಿ, ಆಮೇಲೆ ಸ್ಪ್ಯಾನರ್. ಅನೇಕ ಬೈಕ್‌ಗಳಲ್ಲಿ 25ರಿಂದ 30 ನ್ಯೂಟನ್ ಮೀಟರ್ ಬಿಗಿತ ಸಾಕು. ಎಂಜಿನ್ ಗೂಡು ಅಲ್ಯೂಮಿನಿಯಂ, ಉದ್ದ ಪೈಪ್ ಸಿಕ್ಕಿಸಿ ಬಿಗಿದರೆ ಥ್ರೆಡ್ ಹೋಗುತ್ತದೆ. ಪೇಪರ್ ಫಿಲ್ಟರ್ ಇದ್ದರೆ ಬದಲಿಸಿ. 100 ಸಿಸಿ ಗಾಡಿಗಳಲ್ಲಿ ಹಲವಕ್ಕೆ ಜಾಲರಿ ಮಾತ್ರ ಇರುತ್ತದೆ, ಅದನ್ನು ಮ್ಯಾನ್ಯುಯಲ್ ಹೇಳಿದ ಅವಧಿಗೆ ತೊಳೆಸಿ. ಹಂತ 1ರಲ್ಲಿ ನೋಡಿದ ಎರಡು ಸಂಖ್ಯೆಗಳಲ್ಲಿ ಚಿಕ್ಕದಕ್ಕಿಂತ 50 ಮಿಲಿ ಕಡಿಮೆ ಸುರಿದು, ಮೂರು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು ಮಟ್ಟ ನೋಡಿ. ಬೈಕ್ ನೇರ ನಿಂತಿರಬೇಕು. ಹಲವು ಹೀರೊ, ಹೋಂಡಾ ಬೈಕ್‌ಗಳಲ್ಲಿ ಡಿಪ್‌ಸ್ಟಿಕ್ಕನ್ನು ತಿರುಗಿಸದೆ ಸುಮ್ಮನೆ ಇಳಿಬಿಟ್ಟು ನೋಡಬೇಕು. ತಿರುಗಿಸಿ ನೋಡಿದರೆ ಮಟ್ಟ ಹೆಚ್ಚು ತೋರಿಸುತ್ತದೆ. ಎರಡು ಗೆರೆಗಳ ನಡುವೆ, ಮೇಲಿನದಕ್ಕೆ ಹತ್ತಿರ ಬರುವಷ್ಟು ತುಂಬಿ.

ಹೊಸ ಆಯಿಲ್ ಹಾಕಿದ ದಿನ ಗಾಡಿ ಬೆಣ್ಣೆಯಂತೆ ಓಡುತ್ತದೆ. ಯಾವ ಕಂಪನಿಯದು ಹಾಕಿದರೂ ಓಡುತ್ತದೆ, ಸವೆದ ಆಯಿಲ್ ಹೋಗಿ ಹೊಸದು ಬಂತಲ್ಲ. ಕಂಪನಿಗಳನ್ನು ನಿಜಕ್ಕೂ ಹೋಲಿಸಬೇಕೆಂದಿದ್ದರೆ ಒಂದೇ ಗ್ರೇಡ್, ಒಂದೇ ದರ್ಜೆಯ ಎರಡು ಆಯಿಲ್ ತೆಗೆದುಕೊಂಡು, ಒಂದೊಂದನ್ನೂ ಪೂರ್ತಿ ಅವಧಿ ಓಡಿಸಿ. ಪ್ರತಿ 1,000 ಕಿಮೀಗೆ ಮಟ್ಟ ಸರಿಪಡಿಸಲು ಎಷ್ಟು ಮಿಲಿ ಬೇಕಾಯಿತು ಎಂದು ಬರೆದಿಡಿ. ಗೇರ್ ಯಾವ ಕಿಲೋಮೀಟರ್‌ನಿಂದ ಗಡುಸಾಯಿತು ಎಂಬುದನ್ನೂ ಬರೆಯಿರಿ. ಹೀಗೆ ಒಂದು ವರ್ಷ ಬರೆದಿಟ್ಟ ಸಾಲುಗಳು ಗ್ಯಾರೇಜಿನ ಮುಂದಿನ ಬೆಂಚಿನ ಯಾವ ಮಾತಿಗಿಂತಲೂ ತೂಕದವು. ಅವಧಿ ಎಷ್ಟು? ಮ್ಯಾನ್ಯುಯಲ್ ಹೇಳಿದಷ್ಟು. ಕಾರುಗಳಲ್ಲಿ ಹಲವಕ್ಕೆ 10,000 ಕಿಮೀ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಧೂಳು ದಾರಿ, ಭಾರ, ಚಿಕ್ಕ ಓಡಾಟ ಹೆಚ್ಚಿದ್ದರೆ ಇನ್ನೂ ಬೇಗ.

ಇಳಿಸಿದ ಹಳೇ ಆಯಿಲನ್ನು ಚೈನ್‌ಗೆ ಹಚ್ಚಬೇಡಿ, ಅದರಲ್ಲಿ ತೇಲುತ್ತಿರುವ ಲೋಹದ ಪುಡಿಯೂ ಆಮ್ಲವೂ ಚೈನನ್ನೇ ಸವೆಸುತ್ತವೆ. ಮೋರಿಗೆ, ಕೆರೆ ಏರಿಗೆ ಸುರಿಯುವುದಂತೂ ಬೇಡ. ಸಾವಿರ ಅಡಿ ಕೊರೆದು ನೀರು ತೆಗೆಯುವ ಜಿಲ್ಲೆ ಇದು. 2016ರ ನಿಯಮಗಳಡಿ ಅದು ಅಪಾಯಕಾರಿ ತ್ಯಾಜ್ಯ. ಬಳಸಿದ ಆಯಿಲನ್ನು ವಾಪಸ್ ಸೇರಿಸಿ ಮತ್ತೆ ಶುದ್ಧೀಕರಿಸುವ ಹೊಣೆ 2024ರ ಏಪ್ರಿಲ್‌ನಿಂದ ತಯಾರಕರ ಮೇಲೂ ಇದೆ. ಅಧಿಕೃತ ಸರ್ವಿಸ್ ಸೆಂಟರ್‌ಗೆ ಕೊಡಿ. ಅಲ್ಲಿಯವರೆಗೆ ಬೇರೊಂದು ಕ್ಯಾನ್‌ನಲ್ಲಿ ತುಂಬಿಸಿ ಸ್ಕೆಚ್ ಪೆನ್ನಿನಲ್ಲಿ ‘ಹಳೇದು’ ಎಂದು ಬರೆದಿಡಿ, ಮನೆಯಲ್ಲಿ ಇನ್ಯಾರಾದರೂ ಹೊಸದೆಂದು ಗಾಡಿಗೆ ಸುರಿದಾರು. ಹೊಸ ಆಯಿಲ್ ಬಂದ ಡಬ್ಬದ ಕತ್ತನ್ನು ಚಾಕುವಿನಲ್ಲಿ ಕೊಯ್ದು, ಲೇಬಲ್ ಹರಿದು, ಆಮೇಲೆ ಗುಜರಿಗೆ ಹಾಕಿ.